ಸಂಕದವರೆಗಿನ ಕೂ

ಜನವರಿ 14. ಗಾಳಿ ಇಲ್ಲ. ಜಗುಲಿಯಿಂದ ತೋಟದ ಸಂಕಕ್ಕೆ 180 ಹೆಜ್ಜೆ. ಥೈರಾಯ್ಡ್ ಆಪರೇಷನ್ ಆಗಿ ಹನ್ನೊಂದು ದಿನ. ಅಕ್ಕನ ಮಾತು ಸ್ಪಷ್ಟ. ಆದರೆ ಅವಳು ಹಾಕಿದ ಕೂ ತುಳಸಿಕಟ್ಟೆ ದಾಟಲಿಲ್ಲ, ಮೇಲೇರುವಲ್ಲಿ ದನಿ ಒಡೆಯಿತು. ಹೋದ ವರ್ಷ ಇದೇ ಕೂ ಸಂಕದಾಚೆ ಕೊನೆ ಕೊಯ್ಯುವವರನ್ನು ಮರದಿಂದ ಊಟಕ್ಕೆ ಇಳಿಸುತ್ತಿತ್ತು.

"ಮಾನಿಟರ್ ಹಾಕಿದ್ವಿ, ನರ ಚೆನ್ನಾಗಿದೆ" ಎಂದಿದ್ದರು ಡಾಕ್ಟರು. ಸುಳ್ಳಲ್ಲ. ಮಾನಿಟರಿನ ಕ್ರಮ ನನ್ನಂಥ ಹಕ್ಕಿ ನೋಡುವವನಿಗೆ ಪರಿಚಿತವೆನಿಸುತ್ತದೆ. ಗಂಟಲಿಗಿಳಿಸಿದ ಉಸಿರಿನ ಕೊಳವೆಯ ಮೇಲೆ, ಧ್ವನಿತಂತುಗಳಿಗೆ ತಾಗುವಲ್ಲಿ, ಎಲೆಕ್ಟ್ರೋಡ್. ಸರ್ಜನ್ ಕಡ್ಡಿಯಂಥ ಪ್ರೋಬಿನಿಂದ ಬಿಳಿ ಎಳೆಯನ್ನು ಮುಟ್ಟಿ ಸುಮಾರು 1 ಮಿಲಿಆಂಪಿಯರ್ ಕರೆಂಟು ಹಾಯಿಸುತ್ತಾರೆ. ನರವೇ ಆಗಿದ್ದರೆ ಸ್ನಾಯು ಅದುರುತ್ತದೆ, ಯಂತ್ರ ಓಗೊಡುತ್ತದೆ. ಪರದೆಯ ಅಲೆ 100 ಮೈಕ್ರೋವೋಲ್ಟಿಗಿಂತ ಕೆಳಗಿಳಿದರೆ ಕೈ ತಡೆಯಬೇಕು. ಸ್ನಾಯು ಸಡಿಲಿಸುವ ಮದ್ದು ಇನ್ನೂ ಇಳಿದಿರದಿದ್ದರೆ ನೆಟ್ಟಗಿರುವ ನರವೂ ಸುಮ್ಮನಿರುತ್ತದೆ. ಪೊದೆಯಲ್ಲಿ ಹಕ್ಕಿಯೇ ಇಲ್ಲವೋ, ಇದ್ದೂ ಕೂಗುತ್ತಿಲ್ಲವೋ ಎಂಬ ನಮ್ಮ ಹಳೆಯ ಪೇಚು ಅವರಿಗೂ ಇದೆ.

ಧ್ವನಿತಂತುಗಳನ್ನು ಆಡಿಸುವ ಆ ನರದ ದಾರಿ ವಿಚಿತ್ರ. ತಲೆಯಿಂದ ಹೊರಟ ವೇಗಸ್ ನರದೊಡನೆ ಗಂಟಲು ದಾಟಿ ಎದೆಗಿಳಿದು, ಎಡದ್ದು ಮಹಾಧಮನಿಯ ಕಮಾನನ್ನು ಸುತ್ತಿ, ಮತ್ತೆ ಮೇಲೇರಿ, ಥೈರಾಯ್ಡಿನ ಬೆನ್ನಿಗಂಟಿಕೊಂಡೇ ಧ್ವನಿಪೆಟ್ಟಿಗೆ ಸೇರುತ್ತದೆ. ಜಿರಾಫೆಯಲ್ಲೂ ಇದೇ ಸುತ್ತು, ಮೀಟರುಗಟ್ಟಲೆ. ಇದನ್ನು ಬಿಗಿದರೆ ಹಂದಿಯ ಕಿರುಚಾಟ ನಿಲ್ಲುತ್ತದೆಂದು 2ನೆಯ ಶತಮಾನದಲ್ಲೇ ಗ್ಯಾಲೆನ್ ತೋರಿಸಿದ್ದ.

ಅಕ್ಕನ ತೊಂದರೆ ಇದರದ್ದಲ್ಲ ಅನ್ನಿಸುತ್ತದೆ. ಥೈರಾಯ್ಡಿನ ಮೇಲ್ತುದಿಯ ಬಳಿ ಇನ್ನೊಂದು ಸಣ್ಣ ನರ ಹಾಯುತ್ತದೆ. ತಂತುಗಳನ್ನು ಬಿಗಿದು ಶ್ರುತಿ ಏರಿಸುವ ಸ್ನಾಯು ಅದರ ಅಧೀನ. ಅದು ಸೊರಗಿದರೆ ಮಾತು ಉಳಿದು ಕೂ ಹೋಗುತ್ತದೆ. ನರಗಳೆಲ್ಲ ನೆಟ್ಟಗಿದ್ದೂ ಕೊಳವೆಯ ಉಜ್ಜಾಟಕ್ಕೆ, ಗಾಯದ ಬಿಗಿತಕ್ಕೆ ದನಿ ಕೆಡುವುದುಂಟು. ಕುರ್ಚಿಯಲ್ಲಿ ಕೂರಿಸಿ ಹೆಸರು ಕೇಳಿದರೆ ಇದು ಗೊತ್ತಾಗುವುದಿಲ್ಲ. ಸಂಕದ ಮೇಲೆ ನಿಲ್ಲಬೇಕು.

ಫೆಬ್ರವರಿ 20. ನುಗ್ಗೆಮರದಲ್ಲಿ ಮಡಿವಾಳ ಹಕ್ಕಿ ಹಾಡಲು ತೊಡಗಿದೆ. ಅದರ ದನಿ ಹುಟ್ಟುವುದು ಶ್ವಾಸನಾಳ ಕವಲೊಡೆಯುವಲ್ಲಿ. ನಾಲಿಗೆಯ ನರದ್ದೇ ಒಂದು ಕವಲು ಅಲ್ಲಿಗೆ ನೇರ ಇಳಿಯುತ್ತದೆ. ಸುತ್ತಿ ಬರುವ ಗೋಳಿಲ್ಲ. ಅಕ್ಕನ ಕೂ ಬಾವಿಕಟ್ಟೆಯವರೆಗೆ, 70 ಹೆಜ್ಜೆ.

ಮಾರ್ಚ್ 29. ಬೆಳಿಗ್ಗೆ ಆರೂವರೆ, ಮಂಜು. ಸಂಕದ ಮೇಲಿದ್ದೆ. ಮಡಿವಾಳ, ಕುಟ್ರುಹಕ್ಕಿ, ಅವುಗಳ ನಡುವೆ ಸಪೂರ ಎಳೆಯೊಂದು, ಒಂದೇ ಸಲ. ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮನೆಗೆ ಬಂದೆ.

"ಮೂರು ಸಲ ಕರೆದೆ ಕಣೋ, ಕಿವಿ ಕೇಳಲ್ವಾ ನಿಂಗೆ?" ಅಂದಳು.

ತಿದ್ದಿದೆ: 180 ಹೆಜ್ಜೆ, ಮೂರರಲ್ಲಿ ಒಂದು.