ಸವೆದ ಸ್ಕ್ರೂ ತೆಗೆಯುವ ಬಗೆ
ಬೆಂಗಳೂರಿನ ವಿಜಯನಗರದ ಮೊಬೈಲ್ ರಿಪೇರಿಯವರಿಗೆ ದೊಡ್ಡ ತಲೆನೋವು ಫೋನಲ್ಲ, ಮನೆಯಲ್ಲೇ ಬಿಚ್ಚಲು ಹೋಗಿ ತಲೆ ಸವೆಸಿದ ಪುಟಾಣಿ ಸ್ಕ್ರೂ.

ಪ್ಲಸ್ ಗುರುತಿನ ಸ್ಕ್ರೂಗೆ ಅಮೆರಿಕದ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದದ್ದು 1936ರಲ್ಲಿ. ಅದರ ಗುಳಿಯ ಗೋಡೆ ಇಳಿಜಾರು; ಸೈಜು ತಪ್ಪಿದ ಸ್ಕ್ರೂಡ್ರೈವರ್ ಬಿಟ್ ಮೇಲಕ್ಕೆ ಜಾರುತ್ತದೆ, ಜಾರಿದಷ್ಟೂ ಗುಳಿ ಸವೆಯುತ್ತದೆ.

ಮೊದಲು ಫೋನ್ ಆಫ್. ಅಗಲ ರಬ್ಬರ್ ಬ್ಯಾಂಡಿನ ತುಂಡನ್ನು ಸ್ಕ್ರೂ ಮೇಲಿಟ್ಟು, ಬಿಟ್ಟನ್ನು ನೆಟ್ಟಗೆ ಒತ್ತಿ, ನಿಧಾನಕ್ಕೆ ಎಡಕ್ಕೆ ತಿರುಗಿಸಬೇಕು. ರಬ್ಬರು ಸವೆದ ಜಾಗ ತುಂಬಿ ಹಿಡಿತ ಕೊಡುತ್ತದೆ. ತಲೆ ಮೇಲೆದ್ದಿದ್ದರೆ ಕಟಿಂಗ್ ಪ್ಲೇಯರ್‌ನಿಂದ ಹಗುರವಾಗಿ ಹಿಡಿದು ತಿರುಗಿಸಬಹುದು.

ಬಿಟ್ಟನ್ನು ಸ್ಕ್ರೂ ತಲೆಗೆ ಅಂಟಿಸಿ ತಿರುಗಿಸಲು ಫೆವಿಕ್ವಿಕ್ ಕೊನೆಯ ಅಸ್ತ್ರ. ಹನಿ ಹೆಚ್ಚಾದರೆ ಸ್ಕ್ರೂ ಶಾಶ್ವತವಾಗಿ ಅಲ್ಲೇ! ಡ್ರಿಲ್ಲಂತೂ ಬೇಡ, ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು.

ಹೊಸ ಬಿಟ್ ಸೆಟ್ ಬೇಕಿದ್ದರೆ, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿಯಿರಿ. ಅದು ಸಿಗುವ ಎಸ್.ಪಿ. ರೋಡ್ ಅಲ್ಲಿಂದ ನಡೆದು ಹೋಗುವಷ್ಟೇ ದೂರ.