ವಾತಬಸ್ತಿಯೂ ಮೂತ್ರಕೋಶದ ವಾಯೂತ್ಪತ್ತಿ ರೋಗವೂ

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತಗಳು 12 ಎಂದು ಹೇಳಿ, ಅವುಗಳಲ್ಲಿ ವಾತಬಸ್ತಿಯೆಂಬುದೊಂದನ್ನು ಎಣಿಸಿದೆ. ಆಧುನಿಕ ವೈದ್ಯರು ಎಂಫಿಸೆಮೇಟಸ್ ಸಿಸ್ಟೈಟಿಸ್ ಎಂದು ಕರೆಯುವ ವಿರಳವಾದ ರೋಗದಲ್ಲಿ ಮೂತ್ರಕೋಶದ ಭಿತ್ತಿಯಲ್ಲಿಯೂ ಅನೇಕ ವೇಳೆ ಅದರ ಒಳಗಡೆಯೂ ವಾಯುವು ಸೇರಿಕೊಳ್ಳುವುದು. ಹೆಸರಿನ ಸಾಮ್ಯದಿಂದ ಇವೆರಡೂ ಒಂದೇ ಎಂದು ಊಹಿಸುವುದು ಸುಲಭ. ಆದರೆ ಅದು ಯುಕ್ತವಲ್ಲ.

ಮೂತ್ರದ ವೇಗವನ್ನು ತಡೆಯುವವನಲ್ಲಿ ವಾತವು ಬಸ್ತಿಯ ಮುಖವನ್ನು ನಿರೋಧಿಸಿ ಮೂತ್ರವನ್ನು ಕಟ್ಟುವುದೆಂಬುದು ವಾತಬಸ್ತಿಯ ಲಕ್ಷಣ. ಅಲ್ಲಿ ವಾತವೆಂದರೆ ದೋಷವೇ ಹೊರತು ಗುಳ್ಳೆಯಾಗಿ ಕಾಣುವ ಅನಿಲವಲ್ಲ. ಪ್ರಕೃತ ರೋಗದ ವಾಯುವಾದರೋ ಸೂಕ್ಷ್ಮಾಣುಗಳಿಂದ ಹುಟ್ಟತಕ್ಕದ್ದು. ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮೊದಲಾದವು, ದೋಸೆಯ ಹಿಟ್ಟು ಹುದುಗಿ ಉಬ್ಬುವಂತೆ, ಮೂತ್ರದಲ್ಲಿಯೂ ಧಾತುಗಳಲ್ಲಿಯೂ ಇರುವ ಸಕ್ಕರೆಯನ್ನು ಹುದುಗಿಸಿ ಅನಿಲವನ್ನುಂಟುಮಾಡುವುವು. ಆದುದರಿಂದಲೇ ಈ ರೋಗವು ಮಧುಮೇಹಿಗಳಲ್ಲಿ, ವಿಶೇಷವಾಗಿ ವಯಸ್ಸಾದ ಸ್ತ್ರೀಯರಲ್ಲಿ, ಹೆಚ್ಚು.

ಕಿಬ್ಬೊಟ್ಟೆಯ ನೋವು, ಉರಿಮೂತ್ರ, ರಕ್ತಮೂತ್ರ, ಜ್ವರ ಇವು ಸಾಮಾನ್ಯ ಲಕ್ಷಣಗಳು. ಮೂತ್ರದೊಡನೆ ವಾಯುವು ಹೊರಡುವುದು ವಿಶಿಷ್ಟ ಚಿಹ್ನೆಯಾದರೂ ಎಲ್ಲರಲ್ಲಿಯೂ ಕಾಣದು. ಕೆಲವರಲ್ಲಿ ಬಾಹ್ಯಲಕ್ಷಣವೇ ಅಲ್ಪ. ಹೀಗಾಗಿ ನಿದಾನವು ಚಿತ್ರಪರೀಕ್ಷೆಯನ್ನೇ ಆಶ್ರಯಿಸಿದೆ. ಎಕ್ಸ್‌ರೇಯಲ್ಲಿ ಭಿತ್ತಿಯ ವಾಯುವು ಕಾಣಬಹುದು, ಸಿ.ಟಿ. ಸ್ಕ್ಯಾನು ಅದಕ್ಕಿಂತ ನಿಶ್ಚಿತವಾದುದು. ಮೂತ್ರಕೋಶದ ಒಳಗೆ ಮಾತ್ರ ವಾಯುವಿದ್ದರೆ, ಈಚೆಗೆ ನಳಿಕೆ ಹಾಕಿದ್ದುದೋ, ಕರುಳಿಗೂ ಮೂತ್ರಕೋಶಕ್ಕೂ ನಡುವೆ ರಂಧ್ರವಾಗಿರುವುದೋ ಕಾರಣವಾಗಿರಬಹುದು. ಮೂತ್ರಪಿಂಡಗಳಿಗೂ ರೋಗವು ಹಬ್ಬಿದೆಯೇ ಎಂಬುದನ್ನೂ ಸ್ಕ್ಯಾನಿನಿಂದಲೇ ತಿಳಿಯಬೇಕು.

ಚಿಕಿತ್ಸೆಯ ಅಂಗಗಳು ಮುಖ್ಯವಾಗಿ ನಾಲ್ಕು: ಮೊದಲು ರಕ್ತನಾಳದ ಮೂಲಕ ಪ್ರತಿಜೈವಿಕ ಔಷಧವನ್ನು ಕೊಟ್ಟು, ಮೂತ್ರದ ಕಲ್ಚರ್ ಪರೀಕ್ಷೆಯಿಂದ ಸೂಕ್ಷ್ಮಾಣುವು ಗೊತ್ತಾದ ಮೇಲೆ ತಕ್ಕುದನ್ನು ಆರಿಸುವುದು, ಕ್ಯಾಥೆಟರ್ ನಳಿಕೆಯಿಂದ ಮೂತ್ರವನ್ನು ಹೊರಡಿಸುವುದು, ರಕ್ತದ ಸಕ್ಕರೆಯನ್ನು ಹತೋಟಿಗೆ ತರುವುದು, ಮೂತ್ರಮಾರ್ಗದಲ್ಲಿ ಅಡ್ಡಿಯಿದ್ದರೆ ನಿವಾರಿಸುವುದು. ಬಹುಮಂದಿ ಇಷ್ಟರಿಂದಲೇ ಗುಣಹೊಂದುವರು. ಇದಕ್ಕೆ ಬಗ್ಗದಿದ್ದಲ್ಲಿ, ಅಥವಾ ಭಿತ್ತಿಯು ಕೊಳೆತಲ್ಲಿ, ಶಸ್ತ್ರಕ್ರಿಯೆ ಬೇಕಾಗುವುದು.

ನಾಮಸಾಮ್ಯವನ್ನು ನಂಬಿ ವಾತಹರ ಕಷಾಯತೈಲಗಳಲ್ಲಿ ದಿನಗಳನ್ನು ಕಳೆದರೆ ಸೂಕ್ಷ್ಮಾಣುಗಳು ರಕ್ತವನ್ನು ಸೇರಿ ಪ್ರಾಣಾಪಾಯವೊದಗಬಹುದು. ಮಧುಮೇಹಿಗೆ ಕಿಬ್ಬೊಟ್ಟೆ ನೊಂದು ಮೂತ್ರದೊಡನೆ ವಾಯುವು ಹೊರಟರೆ, ಆ ದಿನವೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಹೀಗೆ ಹೇಳುವುದರಿಂದ ಶಾಸ್ತ್ರಕ್ಕೆ ಯಾವ ನ್ಯೂನತೆಯೂ ಬಾರದು. ಸುಶ್ರುತನ ಶಬ್ದವನ್ನು ಆತನು ವಿವಕ್ಷಿಸಿದ ಅರ್ಥದಲ್ಲಿಯೇ ಗ್ರಹಿಸುವುದು ಶಾಸ್ತ್ರಾಭ್ಯಾಸಿಗಳ ಕರ್ತವ್ಯವಾಗಿದೆ.