ನಾಯಕತ್ವದ ನ್ಯಾಯಸಮ್ಮತತೆ ಮತ್ತು ಉದ್ಯೋಗಸ್ಥಳದ ಅಸಮಾನತೆ

ನಾಯಕತ್ವದ ನ್ಯಾಯಸಮ್ಮತತೆ ಎಂದರೆ ಸಂಸ್ಥೆಯೊಂದರ ಮುಖ್ಯಸ್ಥರ ಅಧಿಕಾರವನ್ನು ಅಧೀನ ನೌಕರರು ಮತ್ತು ಸಹೋದ್ಯೋಗಿಗಳು ಯುಕ್ತವೆಂದು ಒಪ್ಪಿಕೊಳ್ಳುವುದು. ಹುದ್ದೆಯು ನೇಮಕಾತಿಯಿಂದ ದೊರೆತರೆ, ನ್ಯಾಯಸಮ್ಮತತೆಯು ಇತರರ ಒಪ್ಪಿಗೆಯಿಂದ ದೊರೆಯುತ್ತದೆ. ಲಿಂಗ ಮತ್ತು ಜನಾಂಗದ ಆಧಾರದ ಮೇಲೆ ಅಸಮಾನತೆಯಿರುವ ಉದ್ಯೋಗಸ್ಥಳಗಳಲ್ಲಿ ಈ ಒಪ್ಪಿಗೆಯು ಎಲ್ಲರಿಗೂ ಸಮಾನವಾಗಿ ಲಭಿಸುವುದಿಲ್ಲ.

ಸೈದ್ಧಾಂತಿಕ ಹಿನ್ನೆಲೆ

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಅವರು ಅಧಿಕಾರವನ್ನು ಸಾಂಪ್ರದಾಯಿಕ, ವರ್ಚಸ್ಸು ಆಧಾರಿತ ಹಾಗೂ ಕಾನೂನುಬದ್ಧ ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಆಧುನಿಕ ಸಂಸ್ಥೆಗಳು ಮೂರನೆಯದನ್ನು ಅವಲಂಬಿಸಿವೆ. ಅಲ್ಲಿ ವ್ಯಕ್ತಿಗಿಂತ ನಿಯಮ ಮುಖ್ಯವೆಂದು ಭಾವಿಸಲಾಗುತ್ತದೆ. ಆದರೆ ನಾಯಕರು ಹೇಗಿರಬೇಕೆಂಬ ರೂಢಿಗತ ಕಲ್ಪನೆಯೂ ಒಪ್ಪಿಗೆಯನ್ನು ನಿರ್ಧರಿಸುತ್ತದೆ. 2002ರಲ್ಲಿ ಆಲಿಸ್ ಈಗ್ಲಿ ಮತ್ತು ಸ್ಟೀವನ್ ಕರಾವ್ ಮಂಡಿಸಿದ ಸಿದ್ಧಾಂತದ ಪ್ರಕಾರ, ಮಹಿಳೆಯಿಂದ ಸಮಾಜ ನಿರೀಕ್ಷಿಸುವ ಗುಣಗಳು ನಾಯಕನಿಂದ ನಿರೀಕ್ಷಿಸುವ ಗುಣಗಳಿಗೆ ಹೊಂದುವುದಿಲ್ಲ. ಹೀಗಾಗಿ ಮಹಿಳೆಯು ದೃಢವಾಗಿ ವರ್ತಿಸಿದರೆ ಒರಟು ಸ್ವಭಾವದವಳೆಂದೂ, ಮೃದುವಾಗಿ ವರ್ತಿಸಿದರೆ ಅಸಮರ್ಥಳೆಂದೂ ಪರಿಗಣಿಸಲ್ಪಡುತ್ತಾಳೆ. 2008ರಲ್ಲಿ ಆಶ್ಲೀ ರೋಸೆಟ್ ಮತ್ತು ಸಹಸಂಶೋಧಕರು, ಉದ್ಯಮದ ನಾಯಕರು ಬಿಳಿಯರೇ ಆಗಿರುತ್ತಾರೆಂಬ ಪೂರ್ವಗ್ರಹಿಕೆಯನ್ನು ಅಮೆರಿಕದಲ್ಲಿ ಗುರುತಿಸಿದರು.

ಹಾಪ್ಕಿನ್ಸ್ ಪ್ರಕರಣ

1982ರಲ್ಲಿ ಪ್ರೈಸ್ ವಾಟರ್‌ಹೌಸ್ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಪಾಲುದಾರಿಕೆಗೆ ಸೂಚಿಸಲಾದ 88 ಮಂದಿಯಲ್ಲಿ ಆ್ಯನ್ ಹಾಪ್ಕಿನ್ಸ್ ಏಕೈಕ ಮಹಿಳೆಯಾಗಿದ್ದರು. ಆಗ ಸಂಸ್ಥೆಯ 662 ಪಾಲುದಾರರಲ್ಲಿ ಮಹಿಳೆಯರು ಕೇವಲ 7. ದೊಡ್ಡ ಗುತ್ತಿಗೆಯೊಂದನ್ನು ಗಳಿಸಿಕೊಡುವಲ್ಲಿ ಪ್ರಮುಖ ಪಾತ್ರ ವಹಿಸಿದ್ದರೂ ಅವರ ಹೆಸರನ್ನು ತಡೆಹಿಡಿಯಲಾಯಿತು. ನಡಿಗೆ, ಮಾತು ಮತ್ತು ಉಡುಪಿನಲ್ಲಿ ಹೆಚ್ಚು ಸ್ತ್ರೀಸಹಜವಾಗಿರುವಂತೆ ಸಲಹೆ ನೀಡಲಾಯಿತು. ಇಂತಹ ಲಿಂಗಾಧಾರಿತ ಪಡಿಯಚ್ಚಿನ ನಿರೀಕ್ಷೆಗಳ ಆಧಾರದಲ್ಲಿ ಉದ್ಯೋಗ ನಿರ್ಧಾರ ಕೈಗೊಳ್ಳುವುದು ತಾರತಮ್ಯಕ್ಕೆ ಸಾಕ್ಷ್ಯವಾಗಬಲ್ಲದೆಂದು 1989ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಪರಿಗಣಿಸಿತು. ಅನಂತರ ಕೆಳ ನ್ಯಾಯಾಲಯದ ಆದೇಶದಂತೆ ಅವರು ಪಾಲುದಾರರಾದರು.

ನ್ಯಾಯಸಮ್ಮತತೆ ಗಳಿಕೆಯ ಮಾರ್ಗಗಳು

ಸಂಸ್ಥೆಯೊಳಗಿನ ದೀರ್ಘ ಸೇವೆ ಮತ್ತು ಹಿರಿಯರ ಬಹಿರಂಗ ಬೆಂಬಲ ಒಂದು ಮಾರ್ಗವಾಗಿದೆ. 1980ರಲ್ಲಿ ಜೆರಾಕ್ಸ್ ಸಂಸ್ಥೆಗೆ ತರಬೇತಿಗಾಗಿ ಸೇರಿದ ಅರ್ಸುಲಾ ಬರ್ನ್ಸ್ 2009ರಲ್ಲಿ ಅದರ ಮುಖ್ಯ ಕಾರ್ಯನಿರ್ವಾಹಕರಾದರು. ಫಾರ್ಚೂನ್ 500 ಪಟ್ಟಿಯ ಕಂಪನಿಯನ್ನು ಮುನ್ನಡೆಸಿದ ಮೊದಲ ಕಪ್ಪುವರ್ಣೀಯ ಮಹಿಳೆ ಇವರು. ಇವರಿಗೆ ಅಧಿಕಾರ ಹಸ್ತಾಂತರಿಸಿದ ಆ್ಯನ್ ಮಲ್ಕಾಹಿ ಕೂಡ ಮಹಿಳೆ. ಬಡ್ತಿಯ ಮಾನದಂಡಗಳನ್ನು ಮೊದಲೇ ಪ್ರಕಟಿಸಿ ಎಲ್ಲರಿಗೂ ಏಕರೂಪವಾಗಿ ಅನ್ವಯಿಸುವುದು ಇನ್ನೊಂದು ಮಾರ್ಗ.

ಮಿತಿಗಳು

ಮೊದಲ ಮಾರ್ಗದಲ್ಲಿ ಸಾಮರ್ಥ್ಯವನ್ನು ಮತ್ತೆ ಮತ್ತೆ ಸಾಬೀತುಪಡಿಸುವ ಹೊರೆ ವ್ಯಕ್ತಿಯ ಮೇಲೆಯೇ ಉಳಿಯುತ್ತದೆ. ಎರಡನೆಯದು ಆ ಹೊರೆಯನ್ನು ಸಂಸ್ಥೆಗೆ ವರ್ಗಾಯಿಸುತ್ತದೆ. ಸಂಸ್ಥೆಯು ಸಂಕಷ್ಟದಲ್ಲಿರುವಾಗ ಮಹಿಳೆಯರನ್ನು ಉನ್ನತ ಹುದ್ದೆಗೆ ನೇಮಿಸುವ ಪ್ರವೃತ್ತಿಯನ್ನು 2005ರಲ್ಲಿ ಮಿಶೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ಬ್ರಿಟನ್ನಿನಲ್ಲಿ ಗುರುತಿಸಿ, ಅದನ್ನು ‘ಗಾಜಿನ ಕಡಿಬಂಡೆ’ ಎಂಬ ಅರ್ಥದ ಹೆಸರಿನಿಂದ ಕರೆದರು. ಇಂತಹ ನೇಮಕಾತಿಯಲ್ಲಿ ಸಂಸ್ಥೆಯ ಹಿಂದಿನ ವೈಫಲ್ಯವನ್ನೂ ಹೊಸ ನಾಯಕಿಯ ಅಸಾಮರ್ಥ್ಯವೆಂದು ಎಣಿಸುವ ಅಪಾಯವಿರುತ್ತದೆ.